ಎರಡು ಹಳದಿ ಕಾಗದ, ಒಂದು ಕೆಂಪು: ಮಡಿಕೇರಿ ಇಳಿಜಾರಿನ ಕ್ಲೋವರ್ ಪ್ರಕರಣ

ಕೈಲ್‌ಪೋದ್ ಕಳೆದು ಒಂದು ವಾರವಾಗಿತ್ತು. ಮಡಿಕೇರಿಯ ಪಶ್ಚಿಮದ ಇಳಿಜಾರಿನಲ್ಲಿ, ಎರಡು ತೋಟಗಳ ನಡುವಿನ ಬೇಲಿಯ ಬುಡದಲ್ಲಿ ಒಂದು ಹೆಣ್ಣಾಡು ಸತ್ತು ಬಿದ್ದಿತ್ತು. ಬೆಳಗ್ಗೆ ಹತ್ತಕ್ಕೆ ಅದು ಹಗ್ಗ ಕಿತ್ತುಕೊಂಡು ಓಡಿದ್ದನ್ನು ಲೈನ್ ಮನೆಯ ಹುಡುಗಿ ನೋಡಿದ್ದಳು. ಹನ್ನೊಂದೂವರೆಗೆ ಅದೇ ಹುಡುಗಿ ಕೂಗಿಕೊಂಡು ಬಂದಳು. ಹಾವು ಎಂದರು. ಮೈಯೆಲ್ಲ ತಡವಿದರೂ ಕಡಿದ ಗುರುತು ಸಿಗಲಿಲ್ಲ. ಬೇಲಿಯ ಆಚೆ, ಹೋಂಸ್ಟೇಯ ಅಂಗಳದ ಕೆಳಗೆ, ಮೂರೆಲೆಯ ಬಿಳಿಹೂವಿನ ಹಸಿರು ಹಾಸು ಹಬ್ಬಿತ್ತು. ಆಡಿನ ಮೂತಿ ಅದರ ಕಡೆಗೇ ಇತ್ತು. ಸಾಕ್ಷಿಗೆ ಇನ್ನೇನು ಬೇಕು?

ಸಂಜೆಯೊಳಗೆ ಆಡಿನ ಯಜಮಾನರ ಸೋದರಳಿಯ ಮೊಬೈಲಿನಲ್ಲಿ ಹುಡುಕಿ ತೀರ್ಪು ಕೊಟ್ಟಾಗಿತ್ತು: ಆ ಗಿಡದ ಹೆಸರು ಬಿಳಿ ಕ್ಲೋವರ್, ಅದು ಸಯನೈಡ್ ತಯಾರಿಸುತ್ತದೆ. ಅವನು ಓದಿದ್ದು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಅಂದೇ ಮುಗಿಯುತ್ತಿತ್ತು. ಅರ್ಧ ನಿಜವಾಗಿದ್ದರಿಂದ ನನ್ನ ಎರಡು ವಾರ ತಿಂದಿತು.

ಸಯನೈಡ್ ಎಂದರೆ ನಮ್ಮ ರಾಜ್ಯದವರ ಕಣ್ಣಿಗೆ ಬರುವುದು ಕೋಲಾರದ ಚಿನ್ನದ ಗಣಿಯ ಬೂದುಗುಡ್ಡಗಳು, ಇಲ್ಲವೇ ಪತ್ರಿಕೆಯ ಅಪರಾಧ ಪುಟ. ಅದು ಒಂದು ಎಲೆಯೊಳಗೆ, ದನ ಮೇಯುವ ಎಲೆಯೊಳಗೆ ಇರುತ್ತದೆಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಹೋಂಸ್ಟೇ ನಡೆಸುವ ಹುಡುಗನಿಗೂ ಹಾಗೇ ಆಗಿತ್ತು. ಮಾರನೆಯ ದಿನ ಅವನು ಕಳೆನಾಶಕದ ಕ್ಯಾನ್ ಹಿಡಿದು ನಿಂತಿದ್ದಾಗ ಅವನ ತಾಯಿ ನನಗೆ ಫೋನ್ ಮಾಡಿದರು. ನಾನು ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಎರಡೂ ಮನೆಯ ಮಕ್ಕಳು ನನ್ನ ಕಣ್ಣೆದುರು ಕಪ್ಪೆ ಕುಯ್ದವರು. ಹೀಗಾಗಿ ಪಂಚಾಯಿತಿಕೆಗೆ ನಾನೇ ಸಿಕ್ಕಿದೆ.

ಕ್ಲೋವರ್ ಅಲ್ಲಿಗೆ ಬಂದದ್ದಕ್ಕೆ ಕಾರಣವಿದೆ. 2018ರ ಆಗಸ್ಟಿನ ಭೂಕುಸಿತದ ನಂತರ ಈ ಕಡೆ ಬರಿಮಣ್ಣಿನ ಇಳಿಜಾರು ಕಂಡರೆ ಎಲ್ಲರಿಗೂ ಅಂಜಿಕೆ. ಹುಡುಗ ಅಂಗಳ ಸಮತಟ್ಟು ಮಾಡಿಸಿದ ಮೇಲೆ ಕೆಳಗಿನ ಮಣ್ಣನ್ನು ಏನಾದರೂ ಹಿಡಿದುಕೊಳ್ಳಲಿ ಎಂದು ಆನ್‌ಲೈನಿನಲ್ಲಿ ಬೀಜ ತರಿಸಿದ್ದ. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯ ಸಾಕಿಕೊಂಡು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುವ ಗಿಡ; ನೆಲದ ಮೇಲೆ ಹಬ್ಬಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಆಯ್ಕೆ ಕೆಟ್ಟದ್ದೇನಲ್ಲ. ನ್ಯೂಜಿಲೆಂಡಿನ ಹೈನುಗಾರಿಕೆ ದಶಕಗಳಿಂದ ನಿಂತಿರುವುದು ರೈಹುಲ್ಲು ಮತ್ತು ಇದೇ ಬಿಳಿ ಕ್ಲೋವರಿನ ಮೇಲೆ. ಜಡಿಮಳೆಯಲ್ಲಿ ಅದು ಇಲ್ಲಿಯೂ ಸೊಗಸಾಗಿ ಹಬ್ಬಿತ್ತು. ಹೋಂಸ್ಟೇಗೆ ಬಂದ ಬೆಂಗಳೂರಿನವರು ನಾಲ್ಕೆಲೆಯದು ಸಿಕ್ಕರೆ ಅದೃಷ್ಟ ಎಂದು ಮಂಡಿಯೂರಿ ಹುಡುಕುತ್ತಿದ್ದರಂತೆ.

ಮೊದಲು ಗಿಡ ಯಾವುದೆಂದು ಖಚಿತ ಮಾಡಿಕೊಳ್ಳಬೇಕಿತ್ತು. ನಮ್ಮಲ್ಲಿ ಮೂರೆಲೆಯದೆಲ್ಲ ಒಂದೇ ಎನ್ನುವವರೇ ಹೆಚ್ಚು. ಪುಳ್ಳಂಪುರಚಿಗೂ ಮೂರೆಲೆ, ಆದರೆ ಪ್ರತಿ ಎಲೆಯ ತುದಿ ಹೃದಯದಂತೆ ಒಳಗೆ ಕಚ್ಚಿಕೊಂಡಿರುತ್ತದೆ, ಬಾಯಿಗಿಟ್ಟರೆ ಹುಳಿ. ಇದರ ಎಲೆ ಉರುಟು, ಅಂಚಿನಲ್ಲಿ ಬರಿಗಣ್ಣಿಗೆ ತುಸುವೇ ಕಾಣುವ ಹಲ್ಲು, ಮಧ್ಯದಲ್ಲಿ ಯಾರೋ ಸುಣ್ಣದಿಂದ ಬಾಣದ ಗುರುತು ಎಳೆದಂತೆ ಬಿಳಿ ಪಟ್ಟೆ. ಅಡುಗೆಮನೆಯ ಮೆಂತ್ಯದ ಹತ್ತಿರದ ನೆಂಟ. ಕುದುರೆಮೆಂತೆಗೂ, ಉತ್ತರ ಭಾರತದ ರೈತರು ಚಳಿಗಾಲದಲ್ಲಿ ಬೆಳೆಯುವ ಬರ್ಸೀಮ್ ಮೇವಿಗೂ ಬಂಧು. ಬರ್ಸೀಮ್ ಅಂತೂ ಇದೇ ಟ್ರೈಫೋಲಿಯಂ ಕುಲದ್ದು. ಹುಡುಕಿದವನ ಹೆಸರು ಸರಿಯಾಗಿತ್ತು: ಬಿಳಿ ಕ್ಲೋವರ್, ಟ್ರೈಫೋಲಿಯಂ ರೆಪೆನ್ಸ್.

ಆದರೆ ಅವನು ಓದಿದ ಪುಟದಲ್ಲಿ ಇನ್ನೊಂದು ಸಾಲಿನಷ್ಟು ಮುಂದೆ ಹೋಗಿದ್ದರೆ ಗೊತ್ತಾಗುತ್ತಿತ್ತು: ಬಿಳಿ ಕ್ಲೋವರಿನ ಎಲ್ಲ ಗಿಡಗಳೂ ಸಯನೈಡ್ ತಯಾರಿಸುವುದಿಲ್ಲ. ಒಂದೇ ಹಾಸಿನಲ್ಲಿ, ಒಂದರ ಮಗ್ಗುಲಲ್ಲೇ ಇನ್ನೊಂದು, ವಿಷದ್ದೂ ಇರುತ್ತದೆ, ವಿಷವಿಲ್ಲದ್ದೂ ಇರುತ್ತದೆ. ಹೂವು, ಎಲೆ, ಬಾಣದ ಗುರುತು ನೋಡಿ ಹೇಳಲು ಬರುವುದಿಲ್ಲ. ಒಂದೊಂದು ಗಿಡವನ್ನೂ ಕೇಳಬೇಕು.

ಕೇಳುವುದು ಹೀಗೆ. ಪಿಕ್ರಿಕ್ ಆಮ್ಲ ಮತ್ತು ಸೋಡಾದ ದ್ರಾವಣದಲ್ಲಿ ಅದ್ದಿದ ಕಾಗದದ ಪಟ್ಟಿ ಹಳದಿಯಾಗಿರುತ್ತದೆ. ಹೈಡ್ರೋಜನ್ ಸಯನೈಡ್ ಅನಿಲ ತಗುಲಿದರೆ ಕಿತ್ತಳೆಗೆ ತಿರುಗಿ, ಮತ್ತೆ ಇಟ್ಟಿಗೆಗೆಂಪಾಗುತ್ತದೆ. ನೂರು ವರ್ಷಕ್ಕೂ ಹಳೆಯ ವಿಧಾನ, ಇವತ್ತಿಗೂ ಮೋಸವಿಲ್ಲ. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ಜಾತಿಯದು, ಆದ್ದರಿಂದ ಅದನ್ನು ಮನೆಗೆ ತರುವ ಮಾತೇ ಇಲ್ಲ. ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಅದ್ದಿದ ಒದ್ದೆ ಪಟ್ಟಿಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟ. ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆಗಳು ನನ್ನಲ್ಲಿ ಬೇಕಾದಷ್ಟಿದ್ದವು; ನನ್ನ ಹೆಂಡತಿಯ ಮಂಡಿನೋವಿನ ಕೃಪೆ.

ಬಳ್ಳಿಯಂತೆ ಹಬ್ಬುವ ಗಿಡವಾದ್ದರಿಂದ ಎರಡು ಕಡೆ ಕಿತ್ತರೂ ಒಂದೇ ಗಿಡವಾಗಿರಬಹುದು. ಅದಕ್ಕೆ ಎರಡೆರಡು ಮೀಟರ್ ಬಿಟ್ಟು ಇಪ್ಪತ್ತನಾಲ್ಕು ಕಡೆ ಬೇರುಸಹಿತ ಗೆಣ್ಣು ಕಿತ್ತು, ಕಾಫಿ ನರ್ಸರಿಯ ಪಾಲಿಥಿನ್ ಚೀಲಗಳಲ್ಲಿ ನೆಟ್ಟು, ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಂಖ್ಯೆ ಬರೆದೆ. ಪ್ರತಿಯೊಂದರಿಂದ ಮೂರು ಎಲೆ. ಸೀಸೆಗೆ ಹಾಕಿ, ಎರಡು ತೊಟ್ಟು ನೀರು ಬಿಟ್ಟು, ಗಾಜಿನ ಕಡ್ಡಿಯಿಂದ ಜಜ್ಜಿ, ಪಟ್ಟಿ ಎಲೆಗೆ ತಾಗದಂತೆ ಬಿರಟೆಗೆ ಸಿಕ್ಕಿಸಿ ಮುಚ್ಚಿ, ರಾತ್ರಿಯಿಡೀ ಒಲೆಯ ಪಕ್ಕದ ಬೆಚ್ಚನೆ ಕಟ್ಟೆಯ ಮೇಲೆ ಇಟ್ಟೆ.

ಬೆಳಗ್ಗೆ ಏಳು ಸೀಸೆಗಳಲ್ಲಿ ಕಾಗದ ಕೆಂಪಾಗಿತ್ತು. ಹದಿನೇಳರಲ್ಲಿ ಹಳದಿ ಹಳದಿಯಾಗಿಯೇ ಉಳಿದಿತ್ತು. ಹುಡುಗನ ಮುಖ ನೋಡಬೇಕಿತ್ತು. ಏಳು ಎಂದರೆ ಅವನ ಪಾಲಿಗೆ ತಪ್ಪು ಸಾಬೀತಾದಂತೆ. ನಾನು ಕಾಫಿ ಕೊಟ್ಟು ಕೂರಿಸಿದೆ.

ವಿಷ ಎಲೆಯಲ್ಲಿ ತಯಾರಾಗಿ ಕೂತಿರುವುದಿಲ್ಲ. ಕೂತಿದ್ದರೆ ಗಿಡವೇ ಮೊದಲು ಸಾಯಬೇಕಿತ್ತು. ಅದು ಎಲೆ ಅಡಿಕೆಯ ಹಾಗೆ. ಅಡಿಕೆ ಕೆಂಪಲ್ಲ, ಸುಣ್ಣ ಕೆಂಪಲ್ಲ, ವೀಳ್ಯದೆಲೆ ಹಸಿರು. ಅಗಿದಾಗ ಬಾಯಿ ಕೆಂಪಾಗುತ್ತದೆ. ಕ್ಲೋವರಿನ ಜೀವಕೋಶದ ಒಳಗಿನ ರಸದ ಚೀಲದಲ್ಲಿ ಲಿನಮರಿನ್ ಮತ್ತು ಲೋಟಾಸ್ಟ್ರಾಲಿನ್ ಎಂಬ ಎರಡು ವಸ್ತುಗಳಿರುತ್ತವೆ. ಸಕ್ಕರೆಗೆ ಅಂಟಿಸಿಟ್ಟ ಸಯನೈಡ್ ಎಂದುಕೊಳ್ಳಿ, ಹಾಗಿರುವಾಗ ನಿರುಪದ್ರವಿ. ಕೋಶದ ಹೊರಗೋಡೆಯಲ್ಲಿ ಲಿನಮರೇಸ್ ಎಂಬ ಕಿಣ್ವ ಕಾದಿರುತ್ತದೆ. ನಡುವೆ ಪೊರೆ. ಬಸವನಹುಳು ಕಚ್ಚಿದಾಗ, ಆಡು ಅಗಿದಾಗ, ನನ್ನ ಗಾಜಿನ ಕಡ್ಡಿ ಜಜ್ಜಿದಾಗ ಪೊರೆ ಹರಿದು ಎರಡೂ ಕೂಡುತ್ತವೆ, ಸಕ್ಕರೆ ಕಳಚುತ್ತದೆ, ಲಿನಮರಿನ್ ಒಡೆದು ಅಸಿಟೋನ್ ಒಂದು ಕಡೆ, ಹೈಡ್ರೋಜನ್ ಸಯನೈಡ್ ಇನ್ನೊಂದು ಕಡೆ.

ಹಾಗಿದ್ದರೆ ಹದಿನೇಳು ಗಿಡಗಳಲ್ಲಿ ಏನಿಲ್ಲ? ಅಡಿಕೆಯೋ, ಸುಣ್ಣವೋ, ಎರಡೂವೋ? ಈ ಪ್ರಶ್ನೆ ಮನಸ್ಸಿನಲ್ಲಿ ಇರುವಾಗಲೇ ಪಶುವೈದ್ಯರ ಫೋನ್ ಬಂತು.

ಆಡು ಸತ್ತ ಸಂಜೆಯೇ ಅವರು ಬಂದು ಕುಯ್ದು ನೋಡಿದ್ದರು. (ಕುಯ್ಯುವ ಮೊದಲೇ ಒಬ್ಬರು ‘ಮಾಂಸ ಮಾಡಬಹುದೇ’ ಎಂದು ಕೇಳಿದ್ದರಂತೆ. ಹೂಳಿಸಿದರು.) ರಕ್ತ ಕುಂಕುಮದಷ್ಟು ಕೆಂಪಗಿತ್ತು. ಸಯನೈಡಿನ ಸಾವಿನಲ್ಲಿ ಹೀಗಾಗುತ್ತದೆ: ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಅದನ್ನು ಬಳಸಿಕೊಳ್ಳುವ ಜೀವಕೋಶದ ಯಂತ್ರವನ್ನೇ ಸಯನೈಡ್ ಕಟ್ಟಿಹಾಕಿರುತ್ತದೆ, ಉಸಿರಾಡುತ್ತಲೇ ಉಸಿರುಗಟ್ಟಿ ಸಾಯುವುದು. ಮೆಲುಕು ಹಾಕುವ ಪ್ರಾಣಿಗಳಿಗೆ ಅಪಾಯ ಹೆಚ್ಚು, ಏಕೆಂದರೆ ಹೊಟ್ಟೆಯ ಸೂಕ್ಷ್ಮಜೀವಿಗಳೂ ಆ ಸಕ್ಕರೆಯನ್ನು ಕಳಚಬಲ್ಲವು. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಚುಚ್ಚಿ ಉಳಿಸಬಹುದು, ಸಮಯಕ್ಕೆ ಸಿಕ್ಕರೆ. ಗಂಟೆಯೊಳಗೆ ಮುಗಿಯುವ ಕಥೆಯಲ್ಲಿ ಯಾರು ಸಮಯಕ್ಕೆ ಸಿಗುತ್ತಾರೆ?

ಆಮೇಲೆ ಅವರು ಹೇಳಿದ್ದು: ಹೊಟ್ಟೆಯಲ್ಲಿ ಕ್ಲೋವರ್ ಎಲೆ ಅಲ್ಲೊಂದು ಇಲ್ಲೊಂದು ಇತ್ತು. ಬಹುಪಾಲು ಬೇರೆ ಎಲೆ, ಅಂಗೈಯಂತೆ ಸೀಳಿದ್ದು, ಕೆಂಪು ತೊಟ್ಟಿನದು. ‘ಮರಗೆಣಸು, ಸರ್. ನನಗೆ ಸಂಶಯವೇ ಇಲ್ಲ.’

ನಾನು ಬೇಲಿಯ ಹತ್ತಿರ ಹೋಗಿ ನೋಡಿದೆ. ಆಡಿನ ಯಜಮಾನರ ಹಿತ್ತಿಲಿನಲ್ಲಿ ಹತ್ತಿಪ್ಪತ್ತು ಬುಡ ಮರಗೆಣಸು ಇದ್ದವು. ಹಿಂದಿನ ರಾತ್ರಿ ಕಾಡುಹಂದಿ ನುಗ್ಗಿ ಗೆಡ್ಡೆಯನ್ನೆಲ್ಲ ಬಗೆದು ತಿಂದಿತ್ತು. ಬೆಳಗ್ಗೆ ಕೆಲಸದವರು ಮುರಿದ ಕೋಲುಗಳನ್ನು ಎಲೆಸಮೇತ ಬೇಲಿಯ ಬುಡಕ್ಕೆ ಒಟ್ಟಿದ್ದರು. ಹಗ್ಗ ಕಿತ್ತ ಹಸಿದ ಆಡಿಗೆ ಎಳೆಚಿಗುರಿನ ರಾಶಿ ಸಿಕ್ಕಿತ್ತು.

ಇಲ್ಲಿ ನಾನು ‘ಹಾಗಾದರೆ ಮುಗಿಯಿತು’ ಎನ್ನಬಹುದಿತ್ತು. ಆದರೆ ಸೋದರಳಿಯ ಬುದ್ಧಿವಂತ. ‘ಹೊಟ್ಟೆಯಲ್ಲಿದ್ದದ್ದನ್ನು ನಿಮ್ಮ ಕಾಗದದಲ್ಲಿ ಪರೀಕ್ಷೆ ಮಾಡಿದ್ದರೆ ಗೊತ್ತಾಗುತ್ತಿರಲಿಲ್ಲವೇ, ಯಾವ ಎಲೆಯ ವಿಷ ಎಂದು?’ ಒಳ್ಳೆಯ ಪ್ರಶ್ನೆ. ಉತ್ತರ: ಇಲ್ಲ. ಕಾಗದ ವಿಷವಿದೆ ಎನ್ನುತ್ತದೆ, ಯಾರದು ಎನ್ನುವುದಿಲ್ಲ. ಅದಕ್ಕಿಂತ ಹೆಚ್ಚಿನ ವಿಚಿತ್ರವೆಂದರೆ ಮರಗೆಣಸಿನಲ್ಲಿ ಇರುವುದೂ ಅದೇ ಲಿನಮರಿನ್, ಅದೇ ಲೋಟಾಸ್ಟ್ರಾಲಿನ್. ದಕ್ಷಿಣ ಅಮೆರಿಕದ ಹರಳುಕುಟುಂಬದ ಗಿಡವೂ ಯುರೋಪಿನ ಮೆಂತ್ಯದ ಬಂಧುವೂ ಒಂದೇ ಅಣುವನ್ನು ಕೂಡಿಟ್ಟಿವೆ.

ನೆಂಟಸ್ತಿಕೆಯೇ ಎಂದರೆ, ಅರ್ಧ. ಎರಡೂ ಗಿಡಗಳು ವ್ಯಾಲೀನ್, ಐಸೋಲ್ಯೂಸೀನ್ ಎಂಬ ಅಮೈನೋ ಆಮ್ಲಗಳಿಂದ ಹೊರಡುತ್ತವೆ. ಮೂರು ಕಿಣ್ವಗಳು ಒಂದಾದ ಮೇಲೊಂದು ಕೆಲಸ ಮಾಡಿ ಲಿನಮರಿನ್ ಕೂಡಿಸುತ್ತವೆ. ಮೊದಲ ಕಿಣ್ವ ಎರಡರಲ್ಲೂ ಒಂದೇ ಹಳೆಯ ಮನೆತನದ್ದು, ಸಿವೈಪಿ79ಡಿ ಎಂಬ ಗುಂಪು. ಎರಡನೆಯದು ಮರಗೆಣಸಿನಲ್ಲಿ ಸಿವೈಪಿ71 ಮನೆತನದ್ದು, ಕ್ಲೋವರಿನಲ್ಲಿ ಸಿವೈಪಿ736 ಎಂಬ ಬೇರೆಯೇ ಮನೆತನದ್ದು. ಒಂದೇ ಪಾಯಸವನ್ನು ಎರಡು ಮನೆಯವರು ತಮ್ಮತಮ್ಮ ಪಾತ್ರೆಯಲ್ಲಿ ಬೇರೆಬೇರೆಯಾಗಿ ಕಲಿತು ಮಾಡಿದ ಹಾಗೆ. ವಿಷದ ಈ ಪಾಕ ಸಸ್ಯಲೋಕದಲ್ಲಿ ಒಮ್ಮೆ ಹುಟ್ಟಿ ಹಂಚಿಕೆಯಾದದ್ದಲ್ಲ, ಮತ್ತೆಮತ್ತೆ ಜೋಡಣೆಯಾದದ್ದು ಎನ್ನುವುದಕ್ಕೆ ಇದು ನನಗೆ ತಿಳಿದ ಅತಿ ಚಂದದ ಪುರಾವೆ.

ಅಣು ಒಂದೇ ಎಂಬ ಮಾತಿನಿಂದಲೇ ನನಗೆ ಉಪಾಯ ಹೊಳೆಯಿತು. ಮರಗೆಣಸಿನ ಎಲೆಯನ್ನು ಕುದಿಯುವ ನೀರಿಗೆ ಇಡಿಯಾಗಿ ಹಾಕಿದರೆ ಅದರ ಕಿಣ್ವ ತಕ್ಷಣ ಸತ್ತುಹೋಗುತ್ತದೆ. ಲಿನಮರಿನ್ ಕುದಿತಕ್ಕೆ ಜಗ್ಗುವುದಿಲ್ಲ, ನೀರಿಗೆ ಇಳಿಯುತ್ತದೆ. ಅಂದರೆ ಸುಣ್ಣವಿಲ್ಲದ ಬರೀ ಅಡಿಕೆಯ ನೀರು. ಆ ನೀರನ್ನಷ್ಟೇ ಸೀಸೆಗೆ ಹಾಕಿ ನೋಡಿದೆ, ಕಾಗದ ಹಳದಿಯೇ. ಆಮೇಲೆ ಹದಿನೇಳು ಗಿಡಗಳ ಎಲೆ ಜಜ್ಜಿ ಪ್ರತಿಯೊಂದಕ್ಕೂ ಅದನ್ನು ಐದೈದು ತೊಟ್ಟು ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಕಾಗದ ಕೆಂಪಾದವು. ಅವುಗಳಲ್ಲಿ ಸುಣ್ಣ ಇತ್ತು, ಅಡಿಕೆ ಇರಲಿಲ್ಲ.

ಉಳಿದದ್ದು ಎಂಟು. ಈಗ ಒಂಬತ್ತರಲ್ಲಿ ಒಂದನ್ನು, ನಾಲ್ಕನೇ ಸಂಖ್ಯೆಯದನ್ನು, ಆರಿಸಿಕೊಂಡು ಅದರ ಎಲೆಯನ್ನು ಈ ಎಂಟರೊಂದಿಗೂ ಒಂದೊಂದಾಗಿ ಸೇರಿಸಿ ಜಜ್ಜಿದೆ. ಸೋದರಳಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದ. ನಾಲ್ಕನೆಯದರ ಎಲೆ ಒಂಟಿಯಾಗಿ ಇದ್ದ ಸೀಸೆ: ಹಳದಿ. ಹನ್ನೊಂದನೆಯದರ ಎಲೆ ಒಂಟಿಯಾಗಿ ಇದ್ದ ಸೀಸೆ: ಹಳದಿ. ಎರಡನ್ನೂ ಒಟ್ಟಿಗೆ ಅರೆದ ಸೀಸೆಯಲ್ಲಿ, ಕಾಗದದ ಕೆಳತುದಿಯಲ್ಲಿ ಮೊದಲು ಚಹಾದ ಕಲೆಯಂತೆ ಒಂದು ಕಂದು ಗೆರೆ ಮೂಡಿತು, ಅದು ಮೇಲಕ್ಕೆ ಹತ್ತುತ್ತ ಹತ್ತುತ್ತ ಸಂಜೆಗೆ ಪಟ್ಟಿಯೆಲ್ಲ ಇಟ್ಟಿಗೆಗೆಂಪು. ‘ಎರಡರಲ್ಲೂ ಇರಲಿಲ್ಲವಲ್ಲ!’ ಎಂದ. ಎರಡರಲ್ಲೂ ವಿಷ ಇರಲಿಲ್ಲ ನಿಜ. ಒಬ್ಬನ ಹತ್ತಿರ ಸುಣ್ಣದ ಡಬ್ಬಿ, ಇನ್ನೊಬ್ಬನ ಹತ್ತಿರ ಅಡಿಕೆ ಮಾತ್ರ. ಮೂವತ್ತೊಂದು ವರ್ಷದಲ್ಲಿ ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ ಇದನ್ನು, ಕಣ್ಣಾರೆ ಕಂಡದ್ದು ಅದೇ ಮೊದಲು.

ಎಂಟರಲ್ಲಿ ಮೂರು ಹೀಗೆ ಕೆಂಪಾದವು. ಐದು ಏನು ಮಾಡಿದರೂ ಆಗಲಿಲ್ಲ. ಅವುಗಳಲ್ಲಿ ಎರಡೂ ಇಲ್ಲ.

ನಾಲ್ಕು ಬಗೆಯ ಗಿಡ, ಎರಡು ಜೀನು. ಲಿನಮರಿನ್ ಕೂಡಿಸುವ ಜಾಗಕ್ಕೆ ಏಸಿ ಎಂದು ಹೆಸರು, ಲಿನಮರೇಸ್ ಮಾಡುವ ಜಾಗಕ್ಕೆ ಎಲ್‌ಐ. ಪ್ರತಿಯೊಂದರಲ್ಲೂ ಕೆಲಸ ಮಾಡುವ ಒಂದು ಪ್ರತಿ ಇದ್ದರೆ ಸಾಕು, ಗುಣ ಕಾಣಿಸುತ್ತದೆ. ಕ್ಲೋವರಿನಲ್ಲಿ ಸಯನೈಡ್ ಇರುವುದು ಗೊತ್ತಾದದ್ದು 1912ರಲ್ಲಿ. ಮರುವರ್ಷವೇ ಕೆಲವು ಗಿಡಗಳಲ್ಲಿ ಮಾತ್ರ ಇದೆ ಎಂದು ಇಂಗ್ಲೆಂಡಿನಲ್ಲಿ ಕಂಡರು. 1940ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಕಾರ್ಕಿಲ್, ಅಮೆರಿಕದ ಆಟ್‌ವುಡ್ ಮತ್ತು ಸಲ್ಲಿವನ್ ಈ ಎರಡು ಜೀನುಗಳ ಲೆಕ್ಕ ಬಿಡಿಸಿದರು. ಎರಡೂ ಜಾಗಗಳಲ್ಲಿ ಮಿಶ್ರಪ್ರತಿ ಇರುವ ತಂದೆತಾಯಿಗೆ ಹದಿನಾರು ಮಕ್ಕಳಾದರೆ ಒಂಬತ್ತು ವಿಷದ್ದು, ಏಳು ಅಲ್ಲದ್ದು. ಪಿಯುಸಿಯಲ್ಲಿ ಸ್ವೀಟ್‌ಪೀ ಹೂವಿನ ಬಣ್ಣ ಹೇಳಿ ನಾವು ಕಲಿಸುವ 9:7 ಇದೇ. ನನ್ನ ಇಪ್ಪತ್ತನಾಲ್ಕರಲ್ಲಿ ಆ ಅನುಪಾತ ಬಾರದ್ದಕ್ಕೆ ಯಾರೂ ಬೇಸರ ಪಡಬೇಕಿಲ್ಲ. ಬೀಜದ ಪೊಟ್ಟಣ ಒಂದೇ ದಂಪತಿಯ ಸಂತಾನವಲ್ಲ, ಜಾತ್ರೆಯ ಗುಂಪು.

ಇಷ್ಟು ಕಾಲ ‘ಕೆಲಸ ಮಾಡದ ಪ್ರತಿ’ ಎಂದು ಪಾಠ ಹೇಳಿದೆ. ಅಲ್ಲಿ ನಿಜವಾಗಿ ಏನಿದೆ ಎಂದು ಡಿಎನ್‌ಎ ನೋಡಿ ಹೇಳಿದ್ದು 2007 ಮತ್ತು 2008ರಲ್ಲಿ, ಅಮೆರಿಕದ ಕೆನೆತ್ ಓಲ್ಸನ್ ಮತ್ತು ಸಂಗಡಿಗರು. ಏನೂ ಇಲ್ಲ. ಜೀನು ಕೆಟ್ಟಿಲ್ಲ, ಅಕ್ಷರ ತಪ್ಪಿಲ್ಲ, ಆ ಪುಟವೇ ಹರಿದುಹೋಗಿದೆ. ಏಸಿ ಜಾಗದಲ್ಲಿ ಮೂರೂ ಹಂತದ ಮೂರು ಜೀನುಗಳು ಅಕ್ಕಪಕ್ಕ ಕೂತಿರುತ್ತವೆ. ಅಡಿಕೆಯಿಲ್ಲದ ಗಿಡದಲ್ಲಿ ಆ ತುಂಡೇ ಕಾಣೆ. ಹೀಗೆ ಕಾಣೆಯಾದದ್ದು ಒಮ್ಮೆಯಲ್ಲ, ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉದ್ದದ ತುಂಡುಗಳು. ಕ್ಲೋವರಿನ ಬಂಧುಗಳಾದ ಟ್ರೈಫೋಲಿಯಂ ನೈಗ್ರೆಸೆನ್ಸ್, ಟ್ರೈಫೋಲಿಯಂ ಇಸ್ತ್‌ಮೋಕಾರ್ಪಂ ಎಂಬ ಜಾತಿಗಳಲ್ಲೂ ವಿಷದ್ದು, ಅಲ್ಲದ್ದು ಎರಡೂ ಇವೆ, ಅಲ್ಲೂ ಜೀನು ಕಳೆದೇ ಹೋಗಿದೆ, ಅಲ್ಲೂ ಸ್ವಂತವಾಗಿ. ಹುಡುಗ ಕೇಳಿದ: ‘ಈ ಗಿಡ ವಿಷ ಮಾಡುವುದನ್ನು ಯಾವಾಗ ಕಲಿಯಿತು ಸರ್?’ ಪ್ರಶ್ನೆ ತಿರುವುಮುರುವಾಗಿದೆ. ವಿಷ ಹಳೆಯದು. ಮತ್ತೆಮತ್ತೆ ಹೊಸದಾಗಿ ನಡೆದದ್ದು ಅದನ್ನು ಬಿಡುವುದು.

ಗಿಡದ ಹುಟ್ಟಿನ ಕಥೆಯೂ ಕೇಳುವಂತಿದೆ, ಅದರಲ್ಲೂ ಕಾಫಿಯವರು. ನಮ್ಮ ಅರೇಬಿಕಾ ಗಿಡದಲ್ಲಿ 44 ವರ್ಣತಂತು, ರೋಬಸ್ಟಾದಲ್ಲಿ 22. ಹಿಂದೊಮ್ಮೆ ಆಫ್ರಿಕದಲ್ಲಿ ರೋಬಸ್ಟಾ ಮತ್ತು ಯುಜಿನಿಯಾಯ್ಡಿಸ್ ಎಂಬ ಇನ್ನೊಂದು ಕಾಡುಕಾಫಿ ಕೂಡಿ, ಇಬ್ಬರ ಗಂಟೂ ಪೂರ್ತಿಯಾಗಿ ಉಳಿದು ಅರೇಬಿಕಾ ಆಯಿತು. ಬಿಳಿ ಕ್ಲೋವರ್ ಕೂಡ ಹಾಗೆಯೇ: 32 ವರ್ಣತಂತು, 16 ಒಬ್ಬರದು, 16 ಇನ್ನೊಬ್ಬರದು. ಒಬ್ಬರು ಪಶ್ಚಿಮ ಯುರೋಪಿನ ಕಡಲಂಚಿನಲ್ಲಿ ಉಪ್ಪುಗಾಳಿ ಕುಡಿದು ಬದುಕುವ ಟ್ರೈಫೋಲಿಯಂ ಆಕ್ಸಿಡೆಂಟೇಲ್. ಇನ್ನೊಬ್ಬರು ಆಲ್ಪ್ಸ್ ಮುಂತಾದ ಎತ್ತರದ ಬೆಟ್ಟಗಳ ಕಲ್ಲುಮಣ್ಣಿನಲ್ಲಿ ಬೆಳೆಯುವ ಟ್ರೈಫೋಲಿಯಂ ಪ್ಯಾಲೆಸೆನ್ಸ್. ಕಡಲಿನವರಿಗೂ ಬೆಟ್ಟದವರಿಗೂ ಸಂಬಂಧ ಕೂಡಿದ್ದು ಹೇಗೆ? ಹಿಮಯುಗ ಬೆಟ್ಟದವರನ್ನು ಕೆಳಗಿಳಿಸಿತು. ಜೀನೋಮುಗಳ ಲೆಕ್ಕದ ಪ್ರಕಾರ ಈ ಮದುವೆ ನಡೆದದ್ದು ಸುಮಾರು 15,000ದಿಂದ 28,000 ವರ್ಷಗಳ ಹಿಂದೆ. ಹಿಮ ಸರಿಯಿತು, ಇಬ್ಬರೂ ತಮ್ಮತಮ್ಮ ಮೂಲೆಗೆ ಮರಳಿದರು, ಇಂದಿಗೂ ಅಲ್ಲೇ ಇದ್ದಾರೆ. ಮಗು ಮಾತ್ರ ದನದ ಗೊರಸು, ಬೀಜದ ಪೊಟ್ಟಣ ಹಿಡಿದು ಲೋಕ ಸುತ್ತಿ ಮಡಿಕೇರಿಯ ಹೋಂಸ್ಟೇಗೂ ಬಂತು.

ವಿಷ ಉಪಯೋಗಕ್ಕೆ ಬರುವುದಾದರೆ ಬಿಡುವುದೇಕೆ, ಬಾರದಿದ್ದರೆ ಇಟ್ಟುಕೊಳ್ಳುವುದೇಕೆ? 1954ರಲ್ಲಿ ಹುನೋರ್ ಡಾಡೇ ಎಂಬಾತ ಯುರೋಪಿನ ಉದ್ದಗಲದ ಕ್ಲೋವರ್ ಪರೀಕ್ಷಿಸಿ ತೋರಿಸಿದ: ಮೆಡಿಟರೇನಿಯನ್ ಕಡೆ ವಿಷದ ಗಿಡಗಳೇ ಹೆಚ್ಚು, ಉತ್ತರಕ್ಕೂ ಪೂರ್ವಕ್ಕೂ ಹೋದಂತೆ ಕಡಿಮೆಯಾಗುತ್ತ, ರಷ್ಯದ ಚಳಿಯಲ್ಲಿ ಇಲ್ಲವೆನ್ನುವಷ್ಟು. ಬೆಟ್ಟ ಹತ್ತಿದರೂ ಹಾಗೆಯೇ. ಜನವರಿಯ ಚಳಿ ಎಷ್ಟೋ ಅದಕ್ಕೆ ತಕ್ಕಂತೆ. ಮಂಜುಗಡ್ಡೆ ಕಟ್ಟಿದಾಗ ಕೋಶ ಒಡೆದು ಗಿಡ ತನ್ನ ವಿಷದಿಂದ ತಾನೇ ಬೇಯುತ್ತದೆ ಎಂಬುದು ಒಂದು ವಿವರಣೆ. ಬೆಚ್ಚನೆಯ ನಾಡಿನಲ್ಲಿ ತಿನ್ನುವ ಹುಳುಗಳು ಜಾಸ್ತಿ, ಅಲ್ಲಿ ವಿಷದ ಖರ್ಚು ಗಿಟ್ಟುತ್ತದೆ, ಚಳಿನಾಡಿನಲ್ಲಿ ದಂಡ ಎಂಬುದು ಇನ್ನೊಂದು. ನನ್ನ ಒಲವು ಎರಡನೆಯದರ ಕಡೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದಕ್ಕಾಗಿ 26 ದೇಶಗಳ 160 ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಿಡಗಳ ಎಲೆ ಜಜ್ಜಿದರು. ಅನೇಕ ನಗರಗಳಲ್ಲಿ ಪೇಟೆಯ ನಡುವಿನಿಂದ ಹಳ್ಳಿಯ ಕಡೆಗೆ ಹೋದಂತೆ ವಿಷದ ಪ್ರಮಾಣ ಬದಲಾಗುತ್ತಿತ್ತು, ಹೆಚ್ಚಿನ ಕಡೆ ಏರುತ್ತಿತ್ತು.

ತಿನ್ನುವವರ ಮಾತು ಬಂದಾಗ ಬಸವನಹುಳು ಬಿಡುವಂತಿಲ್ಲ. ಕೊಡಗಿನಲ್ಲಿ ಆಫ್ರಿಕದ ದೈತ್ಯ ಬಸವನಹುಳುವಿನ ಕಾಟ ಅನುಭವಿಸಿದ ತೋಟದವರಿಗೆ ಅದು ತಿನ್ನದ್ದು ಏನಿದೆ ಎನಿಸಿರುತ್ತದೆ. ಒಂದು ರಾತ್ರಿ ಟಾರ್ಚ್ ಹಿಡಿದು ಇಪ್ಪತ್ತನಾಲ್ಕು ಚೀಲಗಳ ಮುಂದೆ ಕೂತೆ. ಒಂದು ಗೊಂಡೆಹುಳು, ಬೆರಳುದ್ದದ್ದು, ಚಿಪ್ಪಿಲ್ಲದ್ದು, ಕೆಂಪು ಕಾಗದದ ಆರನೇ ಗಿಡಕ್ಕೆ ಹತ್ತಿತು. ಎಲೆಯ ಅಂಚಿಗೆ ಬಾಯಿಟ್ಟಿತು, ಕೊಂಬು ಒಳಗೆಳೆದುಕೊಂಡಿತು, ಇನ್ನೊಂದು ಎಲೆ ಮೂಸಿತು, ಇಳಿದು ಪಕ್ಕದ ಏಳನೆಯದಕ್ಕೆ ಹೋಯಿತು. ಅದು ಏನೂ ಇಲ್ಲದ ಐದರಲ್ಲಿ ಒಂದು. ಬೆಳಗ್ಗೆ ಏಳನೆಯದರಲ್ಲಿ ತೊಟ್ಟುಗಳಷ್ಟೇ ಉಳಿದಿದ್ದವು. ಒಂದು ಹುಳುವಿನ ಒಂದು ರಾತ್ರಿಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಸದಾ ಹೇಳುತ್ತಿದ್ದವನು ನಾನೇ. ಆದರೂ ನಿದ್ದೆಗೆಟ್ಟದ್ದಕ್ಕೆ ಬೇಸರವಾಗಲಿಲ್ಲ.

ಎರಡನೇ ಭಾನುವಾರ ಎರಡೂ ಮನೆಯವರನ್ನು ಕೂರಿಸಿದೆ. ಲೆಕ್ಕ ಹೀಗಿಟ್ಟೆ. ಮೆಲುಕು ಹಾಕುವ ಪ್ರಾಣಿಯನ್ನು ಕೊಲ್ಲಲು ಮೈತೂಕದ ಕಿಲೋಗೆ ಸುಮಾರು 2 ಮಿಲಿಗ್ರಾಂ ಹೈಡ್ರೋಜನ್ ಸಯನೈಡ್ ಸಾಕು. ಇಪ್ಪತ್ತು ಕಿಲೋ ಆಡಿಗೆ 40 ಮಿಲಿಗ್ರಾಂ. ಮರಗೆಣಸಿನ ಹಸಿ ಎಲೆಯ ಒಂದು ಕಿಲೋದಿಂದ ಕೆಲವು ನೂರು ಮಿಲಿಗ್ರಾಂ ಹೊರಡಬಹುದು, ಎಳೆಯ ಎಲೆಯಲ್ಲಿ ಇನ್ನೂ ಹೆಚ್ಚು. ಹಸಿದ ಆಡು ಒಂದೆರಡು ಹಿಡಿ ಗಬಗಬನೆ ತಿಂದರೆ ಆಯಿತು. ಕ್ಲೋವರ್? ಹಾಸಿನ ಮೂರರಲ್ಲಿ ಎರಡು ಭಾಗ ವಿಷವೇ ಇಲ್ಲದ್ದು. ಉಳಿದದ್ದನ್ನೂ ಆಡು ನಿಧಾನವಾಗಿ ಮೇಯುತ್ತದೆ, ಅಷ್ಟರಲ್ಲಿ ಯಕೃತ್ತು ಸಯನೈಡಿಗೆ ಗಂಧಕ ಅಂಟಿಸಿ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಅದೂ ಪೂರ್ತಿ ನಿರಪರಾಧಿಯಲ್ಲ: ವಿಷದ ಕ್ಲೋವರನ್ನೇ ಬಹುಕಾಲ ಮೇಯ್ದ ಕುರಿಗಳಲ್ಲಿ ಥೈರಾಯ್ಡ್ ತೊಂದರೆ ಕಂಡದ್ದಿದೆ. ಆದರೆ ಅದು ಒಂದೂವರೆ ಗಂಟೆಯ ಕಥೆಯಲ್ಲ.

ಆಡಿನ ಯಜಮಾನರ ಹೆಂಡತಿ ಕೇಳಿದರು: ‘ಹಾಗಾದರೆ ಕಣಿಲೆಯಲ್ಲಿ ಇರುವುದು?’ ಮಳೆಗಾಲವಿಡೀ ಕಣಿಲೆ ಹೆಚ್ಚಿ, ನೀರಿನಲ್ಲಿ ನೆನೆಸಿ, ನೀರು ಬದಲಿಸಿ ಚೆಲ್ಲಿ, ಬೇಯಿಸಿ ಬಡಿಸುವ ಕೈ ಅವರದು. ಅದರಲ್ಲಿಯೂ ಸಯನೈಡೇ, ಆದರೆ ಟ್ಯಾಕ್ಸಿಫಿಲಿನ್ ಎಂಬ ಬೇರೆ ಗಂಟು, ಟೈರೊಸೀನಿನಿಂದ ಕಟ್ಟಿದ್ದು, ಕುದಿಸಿದರೆ ಒಡೆದುಹೋಗುವಂಥದ್ದು ಎಂದೆ. ‘ನಮ್ಮ ಅತ್ತೆ ನೀರು ಚೆಲ್ಲದೆ ಬಿಡುತ್ತಿರಲಿಲ್ಲ’ ಎಂದರು. ಅವರು ಯಾವತ್ತೂ ದನಕ್ಕೆ ಮರಗೆಣಸಿನ ಸೊಪ್ಪು ಹಾಕಿದವರಲ್ಲ. ಅದು ಗೊತ್ತಿದ್ದ ವಿಷ, ಆದ್ದರಿಂದಲೇ ಯಾರ ಅನುಮಾನಕ್ಕೂ ಬರಲಿಲ್ಲ.

ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ‘ಕಾಗದ ಏಳು ಕಡೆ ಕೆಂಪಾದದ್ದು ನಿಜ ತಾನೇ?’ ನಿಜ. ‘ಹೊಟ್ಟೆಯಲ್ಲಿ ಆ ಎಲೆಯೂ ಇದ್ದದ್ದು ನಿಜ ತಾನೇ?’ ಅದೂ ನಿಜ. ಅವರ ಹಟಕ್ಕೆ ನಾನು ಬೈಯಲಾರೆ, ವಕೀಲರಾದರೂ ಅಷ್ಟೇ ಕೇಳುತ್ತಿದ್ದರು. ಕೊನೆಗೆ ಹುಡುಗ ಆಡಿನ ಬೆಲೆಯ ಕಾಲುಭಾಗ ಕೊಟ್ಟ. ತಪ್ಪೊಪ್ಪಿಗೆಯಲ್ಲ, ಬೇಲಿಯ ಆಚೆಯವರೊಂದಿಗೆ ನಾಳೆಯೂ ಬಾಳಬೇಕಲ್ಲ. ಮರಗೆಣಸಿನ ಕೋಲುಗಳನ್ನು ಆಚೆ ಸಾಗಿಸಿ ಒಣಗಲು ಹಾಕಿದರು. ಕಳೆನಾಶಕದ ಕ್ಯಾನ್ ಅಂಗಡಿಗೆ ವಾಪಸಾಯಿತು.

ಮಾರ್ಚ್ ಹೊತ್ತಿಗೆ ಹೂಮಳೆ ತಡವಾಗಿ ಕ್ಲೋವರ್ ಹಾಸು ಅರ್ಧಕ್ಕರ್ಧ ಸುಟ್ಟಿತು. ಬಾವಿಕಟ್ಟೆಯ ಸುತ್ತ, ಸಿಲ್ವರ್ ಓಕಿನ ನೆರಳಿನಲ್ಲಿ ತೇಪೆ ತೇಪೆಯಾಗಿ ಉಳಿದಿದೆ. ಉಳಿದದ್ದರಲ್ಲಿ ವಿಷದ್ದು ಎಷ್ಟು ಎಂದು ಈ ಸೆಪ್ಟೆಂಬರಿನಲ್ಲಿ ಮತ್ತೆ ಎಣಿಸಬೇಕೆಂದಿದ್ದೇನೆ. ಸೋದರಳಿಯ ಈಗ ಮೈಸೂರಿನಲ್ಲಿ ಬಿಎಸ್‌ಸಿ ಓದುತ್ತಿದ್ದಾನೆ. ಕಳೆದ ವಾರ ರಜೆಗೆ ಬಂದವನು ಇಬ್ಬರು ಗೆಳೆಯರನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದು, ನಾಲ್ಕನೇ ಚೀಲ, ಹನ್ನೊಂದನೇ ಚೀಲ ಇನ್ನೂ ಬದುಕಿವೆಯೇ ಎಂದು ಕೇಳಿದ. ಬದುಕಿವೆ. ಮೂರು ಸೀಸೆ ತೊಳೆದು ಕೊಟ್ಟೆ.